ಬಾಗುವುದು ಬೇರೆ, ಬಗ್ಗಿಸುವುದು ಬೇರೆ

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಹಳ್ಳಿಯವಳು. ನರ್ಸಿಂಗ್ ಮುಗಿಸಿ ಬೆಂಗಳೂರಿನಲ್ಲಿ ಜಪಾನಿ ಭಾಷೆ ಕಲಿತೆ. ಈಗ ಜಪಾನಿನ ಒಂದು ವೃದ್ಧರ ಆರೈಕೆ ಕೇಂದ್ರಕ್ಕೆ ಕೆಲಸಕ್ಕೆ ಹೊರಟಿದ್ದೇನೆ. ತರಬೇತಿಯಲ್ಲಿ ದಿನಾ ಬಾಗುವುದನ್ನು ಅಭ್ಯಾಸ ಮಾಡಿಸುತ್ತಾರೆ. 15 ಡಿಗ್ರಿ, 30 ಡಿಗ್ರಿ, 45 ಡಿಗ್ರಿ ಅಂತ ಲೆಕ್ಕ. ಮನೆಯಲ್ಲಿ ಮಾಡಿ ತೋರಿಸಿದಾಗ ಅಪ್ಪ ಎದ್ದು ಹೊರಗೆ ಹೋದರು. 'ನಿನ್ನ ಅಜ್ಜ ಒಡೆಯರ ಅಂಗಳದಲ್ಲಿ ಬೆನ್ನು ಬಗ್ಗಿಸಿ ನಿಂತಿದ್ದು ಸಾಲದಾ?' ಅಂದರು. ಅವತ್ತಿನಿಂದ ನನಗೂ ಬಾಗಲು ಮನಸ್ಸು ಒಪ್ಪುತ್ತಿಲ್ಲ. ಇದು ಮರ್ಯಾದೆಯಾ, ಗುಲಾಮಗಿರಿಯಾ? ಏಷ್ಯಾದ ದೇಶಗಳಲ್ಲೆಲ್ಲ ಇದರ ಅರ್ಥ ಒಂದೇನಾ? ಅಲ್ಲಿ ನಾನು ತಪ್ಪು ಮಾಡಿದರೆ ಏನಾಗುತ್ತದೆ?

ಉತ್ತರ: ನಿಮ್ಮ ಅಪ್ಪ ಎದ್ದು ಹೋದ ಸಾಲನ್ನು ಓದಿ ಸ್ವಲ್ಪ ಹೊತ್ತು ನನಗೇನೂ ಬರೆಯಲು ಆಗಲಿಲ್ಲ. ಅವರ ಸಿಟ್ಟಿನಲ್ಲಿ ನ್ಯಾಯ ಇದೆ. 'ಅದು ಅವರ ಸಂಸ್ಕೃತಿ, ತಲೆ ಕೆಡಿಸಿಕೊಳ್ಳಬೇಡಿ' ಅಂತ ಸುಮ್ನೆ ಹೇಳಿಬಿಟ್ಟರೆ ನಿಮ್ಮ ಅಜ್ಜನಿಗೂ ಮೋಸ, ನಿಮಗೂ ಮೋಸ. ಅದಕ್ಕೇ ಅವರ ಮಾತಿನಿಂದಲೇ ಶುರು ಮಾಡುತ್ತೇನೆ.

ನಮ್ಮಲ್ಲಿ ಎರಡು ಮಾತಿವೆ, ಬಾಗುವುದು ಮತ್ತು ಬಗ್ಗಿಸುವುದು. ಬಾಗುವುದು ನಾವಾಗಿ ಮಾಡುವ ಕೆಲಸ. ಬಗ್ಗಿಸುವುದು ಇನ್ನೊಬ್ಬರು ನಮಗೆ ಮಾಡುವ ಕೆಲಸ. ನಿಮ್ಮ ಅಜ್ಜ ಬಾಗಿ ನಿಂತಿರಲಿಲ್ಲ, ಅವರನ್ನು ಬಗ್ಗಿಸಿ ನಿಲ್ಲಿಸಿದ್ದರು. ನಿಮ್ಮ ಪಕ್ಕದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ತಿರುಗಿ ನಿಂತದ್ದು ಕೊಳಗದ ಅಳತೆಯ ತಕರಾರಿನಿಂದ. ಆದರೆ ಅವರು ಕೇಳಿದ್ದು ಭತ್ತದ ಲೆಕ್ಕ ಒಂದನ್ನೇ ಅಲ್ಲ, ಅಲ್ವಾ? ನೆಟ್ಟಗೆ ನಿಲ್ಲುವ ಹಕ್ಕನ್ನೂ ಕೇಳಿದರು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಬಂದು ಗೇಣಿ ಹೋದ ಮೇಲೆ ಎಷ್ಟೋ ಮನೆಗಳಲ್ಲಿ ಬೆನ್ನು ನೆಟ್ಟಗಾಯಿತು. ನಿಮ್ಮ ಅಪ್ಪ ಆ ಎರಡೂ ಕಾಲವನ್ನು ಕಂಡವರು ಅಥವಾ ಕೇಳಿದವರು. ಮಗಳ ಬೆನ್ನು ಬಾಗಿದ್ದು ನೋಡಿ ಅವರಿಗೆ ಕಂಡದ್ದು ಜಪಾನ್ ಅಲ್ಲ, ಆ ಅಂಗಳ.

ಜಪಾನಿನಲ್ಲಿ ಇಂಥ ಅಂಗಳ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಇತ್ತು. ಮೂರನೇ ಶತಮಾನದ ಜಪಾನಿನ ಬಗ್ಗೆ ಚೀನಾದವರು ಬರೆದಿಟ್ಟ ಚರಿತ್ರೆಯಲ್ಲಿ ಒಂದು ಚಿತ್ರ ಬರುತ್ತದೆ. ದಾರಿಯಲ್ಲಿ ದೊಡ್ಡವರು ಎದುರಾದರೆ ಸಾಮಾನ್ಯ ಜನ ಹಿಂದೆ ಸರಿದು ಹುಲ್ಲಿನೊಳಗೆ ಇಳಿಯುತ್ತಿದ್ದರು. ಮಾತಾಡಬೇಕಾದರೆ ಕುಕ್ಕುರುಗಾಲಲ್ಲಿ ಕೂತು ಅಥವಾ ಮಂಡಿಯೂರಿ, ಎರಡೂ ಕೈ ನೆಲಕ್ಕೆ ಊರುತ್ತಿದ್ದರು. 682ರಲ್ಲಿ ತೆಮ್ಮು ಚಕ್ರವರ್ತಿ ಆಸ್ಥಾನದಲ್ಲಿ ಮಂಡಿಯೂರುವುದು, ತೆವಳುವುದು ಸಾಕು, ಇನ್ನು ನಿಂತೇ ಬಾಗಿ ಅಂತ ಆಜ್ಞೆ ಹೊರಡಿಸಿದ. ಆದರೂ ಸಾವಿರ ವರ್ಷ ಕಳೆದ ಮೇಲೂ ದೊರೆಗಳ ಮೆರವಣಿಗೆಗೆ ಜನ ದಾರಿ ಬಿಟ್ಟು ತಗ್ಗಬೇಕಿತ್ತು. 1862ರಲ್ಲಿ ಯೊಕೊಹಾಮಾ ಹತ್ತಿರ ನಾಮಾಮುಗಿ ಎಂಬಲ್ಲಿ ಸಾತ್ಸುಮಾ ಪ್ರಾಂತ್ಯದವರ ಮೆರವಣಿಗೆ ಬರುತ್ತಿತ್ತು. ಎದುರಿಗೆ ಬಂದ ಬ್ರಿಟಿಷರು ಕುದುರೆಯಿಂದ ಇಳಿಯಲಿಲ್ಲ ಅಂತ ಕತ್ತಿ ಬೀಸಿದರು. ಒಬ್ಬ ವ್ಯಾಪಾರಿ ಸತ್ತ. ಅದೇ ನೆಪಕ್ಕೆ ಮರುವರ್ಷ ಬ್ರಿಟಿಷ್ ಹಡಗುಗಳು ಸಾತ್ಸುಮಾದ ರಾಜಧಾನಿ ಕಾಗೊಶಿಮಾ ಊರಿನ ಮೇಲೆ ಗುಂಡಿನ ಮಳೆ ಸುರಿಸಿದವು.

ಚೀನಾದಲ್ಲಿ ಚಕ್ರವರ್ತಿಯ ಮುಂದೆ ಮೂರು ಸಲ ಮಂಡಿಯೂರಬೇಕು, ಪ್ರತಿ ಸಲ ಮೂರು ಬಾರಿ ಹಣೆ ನೆಲಕ್ಕೆ ತಾಕಿಸಬೇಕು. ಒಟ್ಟು ಒಂಬತ್ತು. ಇದೇ ಕೌಟೌ. 1793ರಲ್ಲಿ ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿ ಚಿಯಾನ್‌ಲಾಂಗ್ ಚಕ್ರವರ್ತಿಯ ಎದುರು ಒಂದೇ ಮಂಡಿ ಊರಿದ, ನನ್ನ ದೊರೆಗೂ ಇಷ್ಟೇ ಮಾಡುವುದು ಅಂದ. ಆ ಒಂದು ಮಂಡಿಯ ವಿಷಯಕ್ಕೆ ವಾರಗಟ್ಟಲೆ ಚರ್ಚೆ ನಡೆದಿತ್ತು. 1912ರಲ್ಲಿ ರಾಜರ ಆಳ್ವಿಕೆ ಮುಗಿದಾಗ ಅದೂ ಮುಗಿಯಿತು. ಥಾಯ್ಲೆಂಡ್‌ನಲ್ಲಿ ದೊರೆ ಚುಲಾಲಾಂಗ್‌ಕಾರ್ನ್ ತನ್ನ ಇಪ್ಪತ್ತನೇ ವಯಸ್ಸಿನಲ್ಲಿ, 1873ರಲ್ಲಿ, ತನ್ನ ಎದುರು ಯಾರೂ ತೆವಳಬೇಕಾಗಿಲ್ಲ ಅಂತ ಕಟ್ಟಳೆ ಹೊರಡಿಸಿದ. ಮುಂದೆ ರಾಜಮನೆತನದ ಎದುರು ಆ ರೂಢಿ ಮತ್ತೆ ಬಂತು, ಅದು ಬೇರೆ ಮಾತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಿಮ್ಮ ಅಪ್ಪನ ಪ್ರಶ್ನೆ ಏಷ್ಯಾದವರು ತಮಗೆ ತಾವೇ ಬಹಳ ಹಿಂದಿನಿಂದ ಕೇಳಿಕೊಂಡ ಪ್ರಶ್ನೆ. ತೆವಳುವುದನ್ನು ಅವರೇ ಬಿಟ್ಟರು. ಬಾಗುವುದನ್ನು ಉಳಿಸಿಕೊಂಡರು. ಏನನ್ನು ಬಿಟ್ಟರು, ಏನನ್ನು ಉಳಿಸಿಕೊಂಡರು ಅನ್ನುವುದರಲ್ಲೇ ನಿಮಗೆ ಬೇಕಾದ ಉತ್ತರ ಇದೆ.

ಅದು ನನಗೆ ಅರ್ಥವಾದದ್ದು ಪುಸ್ತಕದಿಂದ ಅಲ್ಲ. ಭಾಷೆ ಕಲಿಯಲು ಕ್ಯೋಟೋಗೆ ಹೋದಾಗ ನನಗೆ ಇಪ್ಪತ್ತಾರು. ಬಾಡಿಗೆ ಕೋಣೆಯ ಯಜಮಾನಿಗೆ ಎಂಬತ್ತರ ಹತ್ತಿರ. ಮೊದಲ ದಿನ ಅವರ ಮನೆಯ ಹೊಸ್ತಿಲಲ್ಲಿ ನಿಂತು, ರೂಢಿಯಂತೆ ಎರಡೂ ಕೈ ಮುಗಿದು ತಲೆ ತಗ್ಗಿಸಿದೆ. ಅವರು ಒಳಗೆ ಚಾಪೆಯ ಮೇಲೆ ಮಂಡಿಯೂರಿ ಕೂತಿದ್ದರು. ತೊಡೆಯ ಮೇಲಿದ್ದ ಕೈಗಳನ್ನು ಜಾರಿಸಿ ಮುಂದೆ ತಂದರು. ಬೆರಳ ತುದಿಗಳು ಚಾಪೆ ಮುಟ್ಟಿದವು. ಆಮೇಲೆ ಬೆನ್ನು ಒಂದೇ ಗೆರೆಯಲ್ಲಿ ನಿಧಾನಕ್ಕೆ ಇಳಿಯಿತು. ಅವರ ಬಿಳಿ ತುರುಬು, ಅದಕ್ಕೆ ಸಿಕ್ಕಿಸಿದ ಕಪ್ಪು ಹೇರ್‌ಪಿನ್ ನನಗೆ ಕಾಣಿಸಿತು. ಅಷ್ಟು ಕೆಳಗೆ ಹೋಗಿದ್ದರು.

ನನಗೆ ಗಾಬರಿಯಾಯಿತು. ನಮ್ಮಲ್ಲಿ ಹಿರಿಯರು ಕಿರಿಯರಿಗೆ ಬಾಗುವುದುಂಟೇ? ಬಾಗಿದರೆ ಕಿರಿಯರ ಆಯಸ್ಸಿಗೆ ಒಳ್ಳೆಯದಲ್ಲ ಅನ್ನುತ್ತಿದ್ದರು ನಮ್ಮಜ್ಜಿ. ಆದರೆ ಆಕೆ ನನಗೆ ಚಿಕ್ಕವಳಾಗಲಿಲ್ಲ. ನಾನು ದೊಡ್ಡವನೂ ಆಗಲಿಲ್ಲ. ಆಕೆ ಎದ್ದು ಕೂತಾಗ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಕೊಡಬೇಕಾದದ್ದನ್ನು ಕೊಟ್ಟೆ ಅನ್ನುವ ಹಾಗೆ.

ಅಲ್ಲಿ ಬಾಗಿದರೆ ಎದುರಿನವರೂ ಬಾಗುತ್ತಾರೆ. ನಾನು ಕಂಡ ದೊಡ್ಡ ವ್ಯತ್ಯಾಸ ಇದೇ. ನಿಮ್ಮ ಅಜ್ಜನಿಗೆ ಆ ಒಡೆಯರು ಯಾವತ್ತಾದರೂ ತಿರುಗಿ ಕೈ ಮುಗಿದಿದ್ದರಾ ಅಂತ ಅಪ್ಪನನ್ನು ಕೇಳಿ. ಚೀನಾದ ಚಕ್ರವರ್ತಿ ತಿರುಗಿ ಬಾಗಲಿಲ್ಲ, ಮೆರವಣಿಗೆಯ ದೊರೆಯೂ ಬಾಗಲಿಲ್ಲ. ಉತ್ತರ ಬಾರದ ಬಾಗುವಿಕೆ ಕಂದಾಯ ಇದ್ದ ಹಾಗೆ. ಉತ್ತರ ಬರುವ ಬಾಗುವಿಕೆ ಮಾತುಕತೆ. ನಾಳೆ ಯಾವುದೇ ದೇಶದಲ್ಲಿ, ಯಾವುದೇ ಕಚೇರಿಯಲ್ಲಿ ನಿಮಗೆ ಅನುಮಾನ ಬಂದರೆ ಇದೊಂದನ್ನು ನೋಡಿ, ಎದುರಿನವರಿಂದ ಏನು ತಿರುಗಿ ಬಂತು ಅಂತ. ನಮ್ಮ ಮನೆಗಳಲ್ಲೂ ಅಷ್ಟೇ. ನೀವು ಅಪ್ಪನ ಕಾಲಿಗೆ ಬಿದ್ದರೆ ಅವರ ಕೈ ನಿಮ್ಮ ತಲೆ ಮೇಲೆ ಬರುತ್ತದೆ. ಬರದೇ ಇದ್ದರೆ ಅದು ನಮಸ್ಕಾರ ಅನ್ನಿಸುವುದಿಲ್ಲ.

ಹಾಗಂತ ಜಪಾನಿನಲ್ಲಿ ಎಲ್ಲರೂ ಸಮ ಅಂತ ತಿಳಿಯಬೇಡಿ. ಕಿರಿಯ ನೌಕರ ಜಾಸ್ತಿ ಬಾಗುತ್ತಾನೆ, ಜಾಸ್ತಿ ಹೊತ್ತು ಬಾಗಿರುತ್ತಾನೆ. ಮೇಲಧಿಕಾರಿ ಕಡಿಮೆ ಬಾಗುತ್ತಾನೆ. ಗಿರಾಕಿಗೆ ಅಂಗಡಿಯವರು ಆಳವಾಗಿ ಬಾಗಿದರೆ ಗಿರಾಕಿ ಕತ್ತು ಆಡಿಸಿ ಹೋಗುವುದನ್ನೂ ನೋಡುತ್ತೀರಿ. ಇದು ನನಗೆ ಇವತ್ತಿಗೂ ಇಷ್ಟವಾಗುವುದಿಲ್ಲ. ಮಿತಿ ಮೀರಿದಾಗ ಅಲ್ಲಿಯವರಿಗೂ ಇಷ್ಟವಾಗುವುದಿಲ್ಲ. ನೆಲಕ್ಕೆ ಮಂಡಿಯೂರಿ ಹಣೆ ತಾಕಿಸಿ ಕ್ಷಮೆ ಕೇಳುವುದಕ್ಕೆ ಅವರು ದೊಗೆಜಾ ಅನ್ನುತ್ತಾರೆ. 2013ರಲ್ಲಿ ಸಪ್ಪೊರೊದ ಬಟ್ಟೆ ಅಂಗಡಿಯೊಂದರಲ್ಲಿ ಒಬ್ಬ ಗಿರಾಕಿ ಸಿಬ್ಬಂದಿಯಿಂದ ದೊಗೆಜಾ ಮಾಡಿಸಿ, ಅದರ ಫೋಟೊ ತೆಗೆದು ಇಂಟರ್ನೆಟ್‌ಗೆ ಹಾಕಿದಳು. ಪೊಲೀಸರು ಅವಳನ್ನು ಬಂಧಿಸಿದರು. ಬಲವಂತದ ಆರೋಪ ಹೊರಿಸಿದರು. ನೋಡಿ, ಬಾಗುವುದು ಮರ್ಯಾದೆ ಎನ್ನುವ ನಾಡಿನಲ್ಲೇ ಬಗ್ಗಿಸುವುದು ಅಪರಾಧ ಆಗಬಹುದು. ನಿಮ್ಮ ಅಪ್ಪನಿಗೆ ಇದನ್ನು ಹೇಳಿ. ನಿಮ್ಮಿಂದ ಯಾರಾದರೂ ಹಾಗೆ ಮಾಡಿಸಲು ಹೊರಟರೆ ನೀವು ಒಪ್ಪಬೇಕಾಗಿಲ್ಲ.

ಇನ್ನೊಂದನ್ನೂ ಹೇಳಿ. 1991ರಲ್ಲಿ ಉನ್ಜೆನ್ ಜ್ವಾಲಾಮುಖಿ ಸಿಡಿದು ಶಿಮಾಬಾರಾದ ಜನ ಮನೆ ಬಿಟ್ಟು ಆಶ್ರಯ ಕೇಂದ್ರ ಸೇರಿದ್ದರು. ಚಕ್ರವರ್ತಿ ಅಕಿಹಿತೋ ಮತ್ತು ರಾಣಿ ಮಿಚಿಕೊ ಅಲ್ಲಿಗೆ ಹೋದರು. ನೆಲದ ಮೇಲೆ ಕೂತಿದ್ದವರ ಎದುರು ಮಂಡಿಯೂರಿ ಕೂತು ಮಾತಾಡಿಸಿದರು. ಅಕಿಹಿತೋ ಅವರ ತಂದೆಯನ್ನು ಜನ ದೇವರಂತೆ ಕಂಡು, ಕಣ್ಣೆತ್ತಿ ನೋಡಲೂ ಹೆದರುತ್ತಿದ್ದ ಕಾಲ ಇನ್ನೂ ಮರೆತುಹೋಗಿರಲಿಲ್ಲ. ಚಕ್ರವರ್ತಿ ಹೀಗೆ ಕೂರಬಹುದೇ ಅಂತ ಕೆಲವರು ಗೊಣಗಿದರು. ಆದರೆ ಆಮೇಲೆ ಎಲ್ಲೇ ಅನಾಹುತ ಆದರೂ ಅವರಿಬ್ಬರೂ ಹಾಗೇ ಕೂತರು. 2011ರ ಸುನಾಮಿ ಆದಾಗಲೂ ಕೂತರು.

ನೀವು ಮಾಡಲು ಹೊರಟಿರುವ ಕೆಲಸ ಇದಕ್ಕೆ ಬಹಳ ಹತ್ತಿರ. ಆರೈಕೆಯ ತರಬೇತಿಯಲ್ಲಿ ಮೆಸೆನ್ ಅನ್ನುವ ಮಾತು ನೀವು ಈಗಾಗಲೇ ಕೇಳಿರುತ್ತೀರಿ. ಅಂದರೆ ನೋಟದ ಎತ್ತರ. ಗಾಲಿಕುರ್ಚಿಯಲ್ಲಿ ಕೂತವರ ಜೊತೆ ನಿಂತುಕೊಂಡು ಮಾತಾಡಬಾರದು, ನಿಮ್ಮ ಕಣ್ಣು ಅವರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಇದನ್ನು ದೇಹ ಇಳಿಸುವ ಕೆಲಸ ಅಂದುಕೊಳ್ಳಬೇಡಿ. ಎದುರಿನವರು ಕತ್ತೆತ್ತಿ ನೋಡಬೇಕಾದ ಕಷ್ಟವನ್ನು ತಪ್ಪಿಸುವ ಕೆಲಸ ಅದು. ನಾನು ಒಮ್ಮೆ ಹಳೆಯ ವಿದ್ಯಾರ್ಥಿನಿಯನ್ನು ನೋಡಲು ಅಂಥ ಕೇಂದ್ರಕ್ಕೆ ಹೋಗಿದ್ದೆ. ಮರೆವಿನ ಕಾಯಿಲೆಯ ಒಬ್ಬ ಅಜ್ಜಿ ಅಲ್ಲಿದ್ದರು. ಮಗನ ಹೆಸರೂ ನೆನಪಿರಲಿಲ್ಲ. ಇವಳು ಕುರ್ಚಿಯ ಮುಂದೆ ಕೂತು, 'ಒಹಾಯೋ ಗೊಜಾಯಿಮಸು' (ಶುಭೋದಯ) ಅಂದು ಬಾಗಿದಳು. ಅಜ್ಜಿಯ ಎರಡು ಕೈ ಹುಡುಕಿಕೊಂಡು ಬಂದು ಮಡಿಲಲ್ಲಿ ಒಂದರ ಮೇಲೊಂದು ಕೂತವು. ಗಲ್ಲ ಎರಡು ಬೆರಳಿನಷ್ಟು ಕೆಳಗಿಳಿಯಿತು. ಮಾತೆಲ್ಲ ಹೋದ ಮೇಲೂ ಅದು ಉಳಿದಿತ್ತು.

ಏಷ್ಯಾದಲ್ಲಿ ಅರ್ಥ ಒಂದೇನಾ ಅಂತ ಕೇಳಿದ್ದೀರಿ. ಒಂದೇ ಅಲ್ಲ. ಕೊರಿಯಾದಲ್ಲಿ ಸೊಲ್ಲಾಲ್ ಅನ್ನುವ ಹೊಸವರ್ಷದ ದಿನ ಮಕ್ಕಳು ಮನೆಯ ಹಿರಿಯರಿಗೆ ನೆಲದವರೆಗೆ ಬಾಗುತ್ತಾರೆ. ಹಿರಿಯರು ಒಳ್ಳೆಯ ಮಾತು ಹೇಳಿ ಹೊಸ ನೋಟು ಕೊಡುತ್ತಾರೆ. ಬದುಕಿರುವವರಿಗೆ ಒಂದು ಸಲ, ತೀರಿಕೊಂಡವರ ಫೋಟೊ ಮುಂದೆ ಎರಡು ಸಲ. ಹಾಗಾಗಿ ಬದುಕಿರುವ ಅಜ್ಜನಿಗೆ ಎರಡು ಸಲ ಬಾಗಿದರೆ ಮನೆಯವರೆಲ್ಲ ಬೆಚ್ಚುತ್ತಾರೆ. ಕೈ ಜೋಡಿಸುವಾಗ ಗಂಡಸರು ಎಡಗೈಯನ್ನು ಮೇಲಿಡುತ್ತಾರೆ, ಹೆಂಗಸರು ಬಲಗೈಯನ್ನು ಮೇಲಿಡುತ್ತಾರೆ. ಸಾವಿನ ಮನೆಯಲ್ಲಿ ಅದು ಅದಲುಬದಲು. ಚೀನಾದಲ್ಲಿ ಇವತ್ತು ದಿನನಿತ್ಯಕ್ಕೆ ಕೈ ಕುಲುಕುವುದೇ ಜಾಸ್ತಿ. ಬಾಗುವುದು ಉಳಿದಿರುವುದು ಹೆಚ್ಚಾಗಿ ಪೂರ್ವಿಕರಿಗೆ, ಮದುವೆಗೆ, ಸಾವಿಗೆ.

ಥಾಯ್ಲೆಂಡ್ ಮಾತ್ರ ನಮಗೆ ತೀರಾ ಹತ್ತಿರ. ಅವರು ನಮ್ಮ ಹಾಗೇ ಕೈ ಮುಗಿಯುತ್ತಾರೆ. ಅದಕ್ಕೆ 'ವಾಯ್' ಅನ್ನುತ್ತಾರೆ. ಬಾಯಲ್ಲಿ ಹೇಳುವ 'ಸವಾದಿ' ನಮ್ಮ 'ಸ್ವಸ್ತಿ'ಯಿಂದ ಬಂದದ್ದು. ಕೈ ಎಷ್ಟು ಮೇಲೆ ಹೋಗಬೇಕು ಅನ್ನುವುದರಲ್ಲಿ ಮಾತೆಲ್ಲ ಅಡಗಿದೆ. ಸಾಮಾನ್ಯ ಹಿರಿಯರಿಗೆ ಹೆಬ್ಬೆರಳು ಗಲ್ಲದ ಹತ್ತಿರ, ತಂದೆತಾಯಿಗೆ, ಗುರುವಿಗೆ ಮೂಗಿನ ತುದಿಯಲ್ಲಿ, ಬೌದ್ಧ ಭಿಕ್ಷುಗಳಿಗೆ ಹುಬ್ಬುಗಳ ನಡುವೆ. ಕಿರಿಯರು ಮೊದಲು ಮುಗಿಯಬೇಕು, ಹಿರಿಯರು ತಿರುಗಿ ಮುಗಿಯಬೇಕು. ಭಿಕ್ಷುಗಳು ಮಾತ್ರ ಮುಗಿಯುವುದಿಲ್ಲ.

ಅಲ್ಲಿಯ ಶಾಲೆಗಳಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಗುರುವಾರ, 'ವಾಯ್ ಖ್ರು' ಅಂತ ಗುರುವಂದನೆ ಇರುತ್ತದೆ. ಮಕ್ಕಳು ಮಂಡಿಯಲ್ಲಿ ಬಂದು ಗುರುಗಳಿಗೆ ಹೂವಿನ ತಟ್ಟೆ ಕೊಡುತ್ತಾರೆ. ಆ ತಟ್ಟೆಯಲ್ಲಿ ಏನಿರುತ್ತದೆ ಗೊತ್ತಾ? ಕೇಪಳದ ಹೂವು, ಗರಿಕೆ, ಬದನೆ ಹೂವು. ಮೂರೂ ನಿಮ್ಮ ಊರಿನ ಹಿತ್ತಿಲಲ್ಲೇ ಸಿಗುವಂಥವು. ಕೇಪಳದ ಮೊಗ್ಗು ಸೂಜಿಯ ಹಾಗೆ ಚೂಪು, ಬುದ್ಧಿ ಹಾಗಿರಲಿ ಅಂತ. ಗರಿಕೆ ಎಷ್ಟು ತುಳಿದರೂ ಮತ್ತೆ ಚಿಗುರುತ್ತದೆ, ಛಲ ಹಾಗಿರಲಿ ಅಂತ. ಬದನೆ ಹೂವನ್ನು ಯಾವತ್ತಾದರೂ ಹತ್ತಿರದಿಂದ ನೋಡಿದ್ದೀರಾ? ನೇರಳೆ ಬಣ್ಣ, ನಡುವೆ ಹಳದಿ. ಅರಳಿದಾಗ ಮುಖ ನೆಲದ ಕಡೆ. ಕಾಯಿ ಹಿಡಿಯುವ ಹೂವು ತಗ್ಗಿಯೇ ಇರುತ್ತದೆ. ಅದು ವಿನಯಕ್ಕೆ. ಅದನ್ನು ಯಾರೂ ಹಿಡಿದು ಬಗ್ಗಿಸಿದ್ದಲ್ಲ.

ಈಗ ನಿಮ್ಮ ಕೆಲಸದ ವಿಷಯ. ಜಪಾನಿ ಬಾಗುವಿಕೆಗೆ ಒಜಿಗಿ ಅನ್ನುತ್ತಾರೆ. ಇನ್ನೊಂದು ಮಾತು ರೇಯಿ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ರೇಯಿ ಅಂದರೆ ಬಾಗುವುದು, ಶಿಷ್ಟಾಚಾರ, ಕೃತಜ್ಞತೆ, ಎಲ್ಲಕ್ಕೂ ಒಂದೇ ಅಕ್ಷರ. ಕೋಣೆಗೆ ಹೋಗುವಾಗ ನೀವು ದಿನಕ್ಕೆ ನೂರು ಸಲ ಹೇಳಲಿರುವ 'ಶಿತ್ಸುರೇಯಿ ಶಿಮಸು' ಎಂಬ ಮಾತಿನಲ್ಲೂ ಅದೇ ರೇಯಿ ಇದೆ. 'ನಿಮ್ಮ ಜಾಗಕ್ಕೆ ಬರುತ್ತಿದ್ದೇನೆ, ರೇಯಿ ತಪ್ಪುತ್ತಿದ್ದೇನೆ, ಮನ್ನಿಸಿ' ಅಂತ ಅದರ ಭಾವ. ಹಾಸಿಗೆ ಹಿಡಿದವರ ಕೋಣೆಯ ಬಾಗಿಲು ತೆರೆಯುವ ಮುಂಚೆ ಇದನ್ನು ಹೇಳುವುದು ಎಷ್ಟು ಒಳ್ಳೆಯದು ಅಂತ ನರ್ಸಿಂಗ್ ಓದಿದ ನಿಮಗೆ ನಾನು ಹೇಳಬೇಕಾಗಿಲ್ಲ.

ಡಿಗ್ರಿಯ ಬಗ್ಗೆ ಚಿಂತೆ ಬೇಡ. ಎದುರಾದಾಗ 15, ಸ್ವಾಗತಕ್ಕೂ ಗೌರವಕ್ಕೂ 30, ದೊಡ್ಡ ಕೃತಜ್ಞತೆಗೆ ಅಥವಾ ಕ್ಷಮೆಗೆ 45. ಕೋನಮಾಪಕ ಹಿಡಿದು ಯಾರೂ ನಿಂತಿರುವುದಿಲ್ಲ. ನಮ್ಮವರು ತಪ್ಪುವುದು ಬೇರೆ ಕಡೆ. ನಾವು ತಲೆಬಾಗುವುದು ಅಂದರೆ ಕತ್ತು ಬಾಗಿಸುತ್ತೇವೆ. ಅವರು ಸೊಂಟದಿಂದ ಬಾಗುತ್ತಾರೆ. ಬೆನ್ನು, ಕತ್ತು, ತಲೆ ಒಂದೇ ಗೆರೆ. ಗಲ್ಲ ಎದೆಗೆ ತಾಕಬಾರದು. ಬಾಗುವಾಗ ಎದುರಿನವರ ಮುಖವನ್ನೇ ನೋಡುತ್ತಿದ್ದರೆ ಅನುಮಾನದಿಂದ ನೋಡಿದ ಹಾಗಿರುತ್ತದೆ. 30 ಡಿಗ್ರಿಗೆ ಕಣ್ಣು ಒಂದೂವರೆ ಮೀಟರ್ ಮುಂದಿನ ನೆಲದ ಮೇಲೆ ಬಿದ್ದರೆ ಸರಿ. ಬಾಗುವಾಗಿನದಕ್ಕಿಂತ ಏಳುವಾಗ ನಿಧಾನ. ಸಟಕ್ಕನೆ ಎದ್ದರೆ ಮಾಡಿದ್ದೆಲ್ಲ ಹಾಳು.

ಮೊದಲು ಮಾತು, ಆಮೇಲೆ ಬಾಗುವುದು. ಮುಖ ನೋಡಿ 'ಒಹಾಯೋ ಗೊಜಾಯಿಮಸು' ಅಂತ ಪೂರ್ತಿ ಹೇಳಿ, ಆಮೇಲೆ ಬಾಗಿ. ಎರಡೂ ಒಟ್ಟಿಗೆ ಮಾಡಿದರೆ ಮಾತು ನೆಲಕ್ಕೆ ಹೋಗುತ್ತದೆ, ಕಿವಿ ಮಂದವಾದ ಅಜ್ಜಿಗೆ ಕೇಳುವುದೇ ಇಲ್ಲ. ಅದೇ ರೀತಿ ಕೈ ಕುಲುಕುವುದನ್ನೂ ಬಾಗುವುದನ್ನೂ ಬೆರೆಸಬೇಡಿ. 2009ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಅಕಿಹಿತೋ ಅವರ ಕೈ ಹಿಡಿದುಕೊಂಡೇ ಆಳವಾಗಿ ಬಾಗಿದರು. ಅಮೆರಿಕದಲ್ಲಿ 'ನಮ್ಮ ಅಧ್ಯಕ್ಷ ತಲೆ ಬಾಗಿದ' ಅಂತ ಗದ್ದಲ ಎದ್ದಿತು. ನಿಮ್ಮ ಅಪ್ಪನ ಸಿಟ್ಟು ಸಾಗರಕ್ಕಷ್ಟೇ ಸೇರಿದ್ದಲ್ಲ ನೋಡಿ. ನನಗೆ ಆ ಚಿತ್ರದಲ್ಲಿ ಕಂಡದ್ದು ಎರಡು ಮರ್ಯಾದೆಗಳನ್ನು ಒಂದೇ ಗಳಿಗೆಯಲ್ಲಿ ಕೊಡಲು ಹೊರಟ ಒಬ್ಬ ಅತಿಥಿ, ಅಷ್ಟೇ.

ಕೈ ಮುಗಿಯಬೇಡಿ. ಇದು ನಮಗೆ ಕಷ್ಟ, ಕೈ ತಾನಾಗಿ ಸೇರುತ್ತದೆ. ಜಪಾನಿನಲ್ಲಿ ಕೈ ಮುಗಿಯುವುದು ದೇವರಿಗೆ, ತೀರಿಕೊಂಡವರಿಗೆ, ಊಟಕ್ಕೆ ಮುಂಚೆ, ಇಲ್ಲವೇ ಗೆಳೆಯರಲ್ಲಿ 'ತಪ್ಪಾಯ್ತು ಮಾರಾಯಾ' ಅನ್ನುವಾಗ. ಕ್ಯೋಟೋದ ನನ್ನ ಮನೆಯೊಡತಿ ಒಂದು ವಾರ ಆದ ಮೇಲೆ ಇದನ್ನು ಹೇಳಿದರು. ತಮ್ಮ ಗಂಡನ ಫೋಟೊ ಇಟ್ಟ ಪೂಜೆಯ ಪೆಟ್ಟಿಗೆ ತೋರಿಸಿ, 'ನಾನು ಇವರಿಗೆ ಮಾತ್ರ ಹಾಗೆ ಮಾಡುವುದು' ಅಂದರು. ಅವತ್ತಿನ ತನಕ ನನಗೆ ಬೇಜಾರಾಗಬಾರದು ಅಂತ ಸುಮ್ಮನಿದ್ದರು. ನಿಮ್ಮ ಕೈಗಳನ್ನು ಮುಂದೆ ಒಂದರ ಮೇಲೊಂದು ಇಟ್ಟುಕೊಂಡರೆ ಸಾಕು.

ಇನ್ನು ಉಸಿರು. ಸುಮಾರು ಎಂಟುನೂರು ವರ್ಷದ ಹಿಂದಿನ ಕಾಮಕುರಾ ಕಾಲದಿಂದ ನಡೆದುಬಂದ ಒಗಸವಾರಾ ಶಿಷ್ಟಾಚಾರದ ಪರಂಪರೆಯವರು ಇದನ್ನು ಕಲಿಸುತ್ತಾರೆ. ಉಸಿರು ಎಳೆದುಕೊಳ್ಳುತ್ತಾ ಬಾಗು, ಉಸಿರು ಬಿಡುವಷ್ಟು ಹೊತ್ತು ಅಲ್ಲೇ ಇರು, ಮತ್ತೆ ಎಳೆದುಕೊಳ್ಳುತ್ತಾ ಏಳು. ಮೂರು ಉಸಿರು. ನಿಮಗೆ ಮನಸ್ಸು ಒಪ್ಪುತ್ತಿಲ್ಲ ಅಂದಿರಲ್ಲ, ಇದನ್ನೊಮ್ಮೆ ಮಾಡಿ ನೋಡಿ. ಡಿಗ್ರಿ ಎಣಿಸುತ್ತಾ ಬಾಗಿದರೆ ಯಾರೋ ಬೆನ್ನು ಒತ್ತಿದ ಹಾಗಿರುತ್ತದೆ. ಉಸಿರಿನ ಜೊತೆ ಬಾಗಿದರೆ ಆ ಕೆಲಸ ನಿಮ್ಮದೇ ಆಗುತ್ತದೆ.

ತಪ್ಪಿದರೆ ಏನಾಗುತ್ತದೆ? ಸುಮಾರಾಗಿ ಏನೂ ಆಗುವುದಿಲ್ಲ. ಹೊರಗಿನವರು ತಪ್ಪುತ್ತಾರೆ ಅಂತ ಅವರಿಗೆ ಗೊತ್ತು. ಮನಸ್ಸಿಗೆ ತಾಕುವುದು ಆಳ ಕಡಿಮೆಯಾದಾಗ ಅಲ್ಲ, ಅವರು ಬಾಗಿದ್ದನ್ನು ನೀವು ಕಾಣದೇ ಹೋದಾಗ. ಗಾಲಿಕುರ್ಚಿಯವರು ಸೊಂಟ ಬಗ್ಗಿಸಲಾರರು. ಅವರ ಉತ್ತರ ರೆಪ್ಪೆಯಲ್ಲಿರುತ್ತದೆ, ಬೆರಳಲ್ಲಿರುತ್ತದೆ. ಔಷಧಿಯ ತಟ್ಟೆ ಹಿಡಿದು ಅವಸರದಲ್ಲಿ ಇದ್ದರೂ ಅಷ್ಟು ಹೊತ್ತು ನಿಂತು ಅದನ್ನು ತೆಗೆದುಕೊಳ್ಳಿ. ಅದನ್ನು ಪಡೆಯದೆ ತಿರುಗಿದರೆ ಆ ಒಂದು ಗಳಿಗೆ ನೀವೇ ಅಂಗಳದ ಒಡೆಯರಾದ ಹಾಗೆ.

ಭಾನುವಾರ ಮಕ್ಕಳು ಮೊಮ್ಮಕ್ಕಳು ನೋಡಲು ಬರುತ್ತಾರೆ. ಅವರು ಹೊರಟಾಗ ನೀವು ಬಾಗಿಲ ತನಕ ಹೋಗುತ್ತೀರಿ, ಬಾಗುತ್ತೀರಿ. ಕಾರು ಹೊರಟ ಮೇಲೂ ಒಳಗೆ ಹೋಗಬೇಡಿ. ತಿರುವಿನಲ್ಲಿ ಕಾರು ಒಂದು ಸಲ ನಿಧಾನ ಆಗುತ್ತದೆ, ಹಿಂದಿನ ಕಿಟಕಿಯಿಂದ ಯಾರಾದರೂ ತಿರುಗಿ ನೋಡುತ್ತಾರೆ. ಅಮ್ಮನನ್ನು ಬಿಟ್ಟು ಹೋಗುತ್ತಿರುವವರು ಅವರು. ಆಗ ನೀವು ಅಲ್ಲೇ ನಿಂತಿರಬೇಕು.